ರಹೀಂ ಸಾಬರ ಸೈಕಲ್ ಬಾಡಿಗೆ

1991ರಲ್ಲಿ ನನಗೆ ರಾಯಚೂರಿನಿಂದ ಹೈದರಾಬಾದಿಗೆ ವರ್ಗವಾಯಿತು. ಬ್ಯಾಂಕಿನ ನೌಕರಿಯಲ್ಲಿ ವರ್ಗ ಅಂದರೆ ಮಳೆ ಇದ್ದ ಹಾಗೆ. ಬರುತ್ತೆ ಅಂತ ಗೊತ್ತಿರುತ್ತೆ, ಬಂದ ದಿನ ಮಾತ್ರ ಕೈಯಲ್ಲಿ ಕೊಡೆ ಇರೋದಿಲ್ಲ. ಪರ ಊರು, ಪರ ಭಾಷೆ ಅಂತ ಮನೆಯವಳು ಕಣ್ಣಲ್ಲಿ ನೀರು ತಂದುಕೊಂಡಳು. ನಮ್ಮ ಸೋದರಮಾವ ಮಾತ್ರ ನಕ್ಕುಬಿಟ್ಟರು. "ಪರ ಊರು ಅಂದ್ರ ಬೆಂಗಳೂರಪಾ. ಹೈದರಾಬಾದ್ ನಮ್ಮ ಪಟ್ಟಣ" ಅಂದರು.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ರಾಯಚೂರು, ಗುಲ್ಬರ್ಗ, ಬೀದರ್ ಮೂರೂ 1956ರ ಅಕ್ಟೋಬರ್ ಕೊನೆಯ ತನಕ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಹೆಚ್ಚಿಗೆ ಓದಬೇಕು ಅಂದವರು ವಾಡಿ ಮೇಲೆ ರೈಲು ಹಿಡಿದು ಹೈದರಾಬಾದಿಗೇ ಹೋಗಬೇಕು. ನಮ್ಮ ಮಾವ ಹಾಗೆ ಹೋದವರು. 1952ರಿಂದ ನಾಲ್ಕು ವರ್ಷ ಉಸ್ಮಾನಿಯಾದಲ್ಲಿ ಓದಿದರು. ಓದಿದ್ದಕ್ಕಿಂತ ಫುಟ್‌ಬಾಲ್ ನೋಡಿದ್ದೇ ಹೆಚ್ಚು ಅಂತ ನಮ್ಮ ಅಜ್ಜಿಯ ದೂರು. ನಾನು ಹೊರಡುವ ಹಿಂದಿನ ದಿನ ಅವರು ಹೇಳಿದ್ದು ಒಂದೇ ಮಾತು. "ಚಾರ್ಮಿನಾರ್ ಆಮ್ಯಾಲೆ ನೋಡಾಕ ಬರತದ. ಮೊದಲ ಫತೇ ಮೈದಾನಕ್ಕ ಹೋಗಿ ನಿಂತು ಬಾ. ರಹೀಂ ಸಾಬ್ರು ಓಡ್ಯಾಡಿದ ಜಾಗ ಅದು."

ರಹೀಂ ಸಾಬ್ ಯಾರು ಅಂತ ಆಗ ನನಗೆ ತಿಳಿದಿರಲಿಲ್ಲ. ನಿಮ್ಮಲ್ಲೂ ಅನೇಕರಿಗೆ 2024ರಲ್ಲಿ 'ಮೈದಾನ್' ಅನ್ನೋ ಹಿಂದಿ ಸಿನಿಮಾ ಬರುವವರೆಗೆ ತಿಳಿದಿರಲಿಕ್ಕಿಲ್ಲ. ಸಿನಿಮಾ ಅವರನ್ನು ಪದಕ ಗೆದ್ದ ಕೋಚ್ ಅಂತ ತೋರಿಸಿತು. ಅದು ಸರಿಯೇ. ಆದರೆ ಮೂವತ್ತು ವರ್ಷ ಈ ಊರಿನಲ್ಲಿದ್ದು, ಸಾಲದ ಅರ್ಜಿಗಳ ನಡುವೆ ಆಯುಷ್ಯ ಕಳೆದ ನನಗೆ ಅವರು ಬೇರೊಂದು ಕಾರಣಕ್ಕೆ ದೊಡ್ಡವರಾಗಿ ಕಾಣುತ್ತಾರೆ. ಅದನ್ನು ಹೇಳುವುದಕ್ಕೇ ಈ ಬರಹ.

ಸೈಯದ್ ಅಬ್ದುಲ್ ರಹೀಂ ಹುಟ್ಟಿದ್ದು 1909ರಲ್ಲಿ. ಉಸ್ಮಾನಿಯಾ ಪದವೀಧರರು. ಹೊಟ್ಟೆಪಾಡಿಗೆ ಶಾಲಾ ಮೇಷ್ಟ್ರು. ಕಾಚಿಗುಡಾ ಮಿಡಲ್ ಸ್ಕೂಲು, ದಾರುಲ್ ಉಲೂಮ್, ಚಾದರ್‌ಘಾಟ್ ಹೈಸ್ಕೂಲು, ಹೀಗೆ ಹಲವು ಕಡೆ ಪಾಠ ಮಾಡಿದರು. ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಹುಡುಗರ ಆಟದ ಉಸ್ತುವಾರಿ ವಹಿಸಿಕೊಂಡರು. ಕಾಚಿಗುಡಾ ಅಂದರೆ ಹೈದರಾಬಾದಿನ ಕನ್ನಡಿಗರಿಗೆ ತವರು ಇದ್ದ ಹಾಗೆ. ನಮ್ಮ ಕರ್ನಾಟಕ ಸಾಹಿತ್ಯ ಮಂದಿರ ಇರೋದು ಅಲ್ಲಿ, ನೃಪತುಂಗ ಶಾಲೆ ಇರೋದೂ ಅಲ್ಲಿ. ವರ್ಷಗಟ್ಟಲೆ ನಾನು ಯುಗಾದಿ, ರಾಜ್ಯೋತ್ಸವ ಅಂತ ಆ ಬೀದಿಗಳಲ್ಲಿ ಓಡಾಡಿದ್ದೇನೆ. ಅದೇ ಬೀದಿಯ ಮೇಷ್ಟ್ರೊಬ್ಬರು ಭಾರತದ ಫುಟ್‌ಬಾಲಿಗೆ ಅಕ್ಷರಾಭ್ಯಾಸ ಮಾಡಿಸಿದರು ಅನ್ನೋದು ಗೊತ್ತಾಗೋಕೆ ಬಹಳ ದಿನ ಬೇಕಾಯಿತು.

1940ರ ದಶಕದ ಮೊದಲಲ್ಲೇ ರಹೀಂ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಹುದ್ದೆ ಬಿಡಲಿಲ್ಲ. ಜೊತೆಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ಅವರ ಕೈಗೆ ಬಂತು. ಅಲ್ಲಿಂದ ಶುರುವಾಯಿತು ನೋಡಿ.

ಆ ಕಾಲಕ್ಕೆ ಮುಂಬೈಯ ರೋವರ್ಸ್ ಕಪ್ ಅಂದರೆ ದೊಡ್ಡ ಮಾತು. 1891ರಲ್ಲಿ ಶುರುವಾದಾಗ ಅದು ಗೋರಾ ಪಲ್ಟನ್‌ಗಳ ಪಂದ್ಯಾವಳಿ. ಅದನ್ನು ಮೊದಲು ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಅಂಥ ಕಪ್ಪನ್ನು ಹೈದರಾಬಾದ್ ಪೊಲೀಸರು 1950ರಿಂದ 1954ರವರೆಗೆ ಸಾಲಾಗಿ ಐದು ಸಲ ಹೊತ್ತುಕೊಂಡು ಬಂದರು. 1950ರಲ್ಲೇ ಡ್ಯುರಾಂಡ್ ಕಪ್ಪಿನ ಫೈನಲ್ಲಿನಲ್ಲಿ ಕಲ್ಕತ್ತೆಯ ಮೋಹನ್ ಬಗಾನನ್ನು ಸೋಲಿಸಿದರು. ನಮ್ಮ ಮಾವ ಈ ಹೆಸರುಗಳನ್ನು ಮಂತ್ರದ ಹಾಗೆ ಹೇಳುತ್ತಿದ್ದರು. ಅಜೀಜುದ್ದೀನ್, ನೂರ್ ಮೊಹಮ್ಮದ್, ಮೊಯಿನುದ್ದೀನ್, ಲತೀಫ್.

ಈಗ ನಾವು ಅಕಾಡೆಮಿ ಅನ್ನುತ್ತೇವಲ್ಲ, ಹಸಿರು ಹುಲ್ಲು, ಹಾಸ್ಟೆಲ್ಲು, ಜಿಮ್ಮು, ಊಟದ ಚಾರ್ಟು, ಅವೇನೂ ಆಗ ಇರಲಿಲ್ಲ. ರಹೀಂ ಸಾಬರ ಹತ್ತಿರ ಇದ್ದದ್ದು ಶಾಲೆಯ ಹುಡುಗರು, ಗಲ್ಲಿಯ ಕ್ಲಬ್ಬುಗಳು ಮತ್ತು ಮಣ್ಣಿನ ಮೈದಾನ. ಅದರಲ್ಲೇ ಒಂದು ಪದ್ಧತಿ ಕಟ್ಟಿದರು. ಬರೀ ಎಡಗಾಲಲ್ಲಿ, ಅಂದರೆ ಯಾವ ಕಾಲು ಸೋಮಾರಿಯೋ ಆ ಕಾಲಲ್ಲಿ ಮಾತ್ರ, ಆಡಬೇಕು ಅಂತ ಪಂದ್ಯಾವಳಿ ಮಾಡಿದರು. ಚೆಂಡನ್ನು ಕಾಲಲ್ಲಿ ಅಂಟಿಸಿಕೊಂಡು ಓಡುವಂತಿಲ್ಲ, ಬಂದ ಕೂಡಲೇ ಇನ್ನೊಬ್ಬನಿಗೆ ದಾಟಿಸಬೇಕು ಅಂತ ಇನ್ನೊಂದು. ಗಿಡ್ಡ ಹುಡುಗರು ಎತ್ತರದವರ ನಡುವೆ ಕಳೆದುಹೋಗಬಾರದು ಅಂತ ಎತ್ತರಕ್ಕೆ ಮಿತಿ ಹಾಕಿದ ಪಂದ್ಯ ಮತ್ತೊಂದು. ಇದಕ್ಕೆಲ್ಲ ಏನು ಖರ್ಚು ಹೇಳಿ? ಒಂದು ಚೆಂಡು, ಒಂದು ಸೀಟಿ. ಎಡಗಾಲಿನ ಪಂದ್ಯ ನೋಡೋಕೆ ತಮಾಷೆ ಅಂತ ಮಾವ ನಗುತ್ತಿದ್ದರು. "ಎಲ್ಲಾರೂ ಕುಂಟ್ರಂಗ ಕಾಣತಿದ್ರು. ಎರಡು ತಿಂಗಳಾದ ಮ್ಯಾಲೆ ನಗಾವ್ರು ಯಾರೂ ಇರಲಿಲ್ಲ."

ಮೇಷ್ಟ್ರು ಹೊರಗಿನದನ್ನೂ ಕಲಿಯುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರ ಭಾರತ ತಂಡ ಯುಗೊಸ್ಲಾವಿಯಾದ ಕೈಲಿ 10-1ರಿಂದ ಸೋತಿತು. ಆ ಚಳಿಯಲ್ಲಿ ನಮ್ಮವರು ಕೆಲವರು ಬರಿಗಾಲಲ್ಲಿ ಆಡಿದ್ದರು. ಮುಂದೆ ಬೂಟು ಕಡ್ಡಾಯವಾಯಿತು. ಮರುವರ್ಷ ಹಂಗೇರಿಯವರು ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಹಣಿದರು, ಅದೂ ಸೆಂಟರ್ ಫಾರ್ವರ್ಡನ್ನು ಹಿಂದಕ್ಕೆ ಎಳೆದು ನಿಲ್ಲಿಸಿ. ಆ ವರಸೆಯನ್ನು ರಹೀಂ ತಮ್ಮ ಹುಡುಗರಿಗೂ ಕಲಿಸಿದರು.

ಪದ್ಧತಿಯ ಇನ್ನೊಂದು ಅರ್ಧ ಮೈದಾನದ ಹೊರಗಿತ್ತು. ಚೆನ್ನಾಗಿ ಆಡುವ ಬಡ ಹುಡುಗ ಹದಿನೆಂಟು ದಾಟಿದ ಮೇಲೆ ಏನು ಮಾಡಬೇಕು? ಪೊಲೀಸ್ ತಂಡಕ್ಕೆ ಸೇರಿದರೆ ನೌಕರಿ ಸಿಗುತ್ತಿತ್ತು. ಕಾಯಂ ಪಗಾರ, ಸಮವಸ್ತ್ರ, ಕೊನೆಗೆ ಪಿಂಚಣಿ. ಮನೆಯಲ್ಲಿ ಅಪ್ಪ ಅಮ್ಮ "ಚೆಂಡು ಒದ್ದರೆ ಹೊಟ್ಟೆ ತುಂಬುತ್ತದೇನು" ಅಂತ ಕೇಳಿದರೆ ಹುಡುಗನ ಹತ್ತಿರ ಉತ್ತರ ಇತ್ತು. ಗಲ್ಲಿ ಕ್ಲಬ್ಬು, ಶಾಲೆ, ಪೊಲೀಸ್ ತಂಡ, ಅಲ್ಲಿಂದ ಭಾರತ ತಂಡ. ಮೆಟ್ಟಿಲು ಕಾಣುತ್ತಿತ್ತು.

1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ನಾವು ಮೈಸೂರು ರಾಜ್ಯಕ್ಕೆ, ಮರಾಠವಾಡ ಮುಂಬೈಗೆ, ತೆಲಂಗಾಣ ಆಂಧ್ರಕ್ಕೆ. ಮಾವ ಓದು ಮುಗಿಸಿ ರಾಯಚೂರಿಗೆ ಬಂದಾಗ ಹೊಸ ರಾಜ್ಯದ ಪ್ರಜೆ. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಂ ಸಾಬರ ಭಾರತ ತಂಡ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿ ಸೆಮಿಫೈನಲ್ ಸೇರಿತು. ಮೂರು ಗೋಲು ಹೊಡೆದವನು ನೆವಿಲ್ ಡಿಸೋಜಾ. ಕೊನೆಗೆ ನಾಲ್ಕನೇ ಸ್ಥಾನ. ಅಜೀಜುದ್ದೀನ್, ನೂರ್ ಮೊಹಮ್ಮದ್, ಲತೀಫ್, ಸಲಾಂ, ಜುಲ್ಫಿಕಾರ್, ಬಾಲರಾಂ, ಒಂದು ಕೈಬೆರಳಿನ ಲೆಕ್ಕಕ್ಕೆ ಮೀರಿದಷ್ಟು ಹೈದರಾಬಾದಿನ ಹುಡುಗರು ಆ ತಂಡದಲ್ಲಿದ್ದರು. ಆ ವರ್ಷವೂ ಮರುವರ್ಷವೂ ಸಂತೋಷ್ ಟ್ರೋಫಿ ಗೆದ್ದದ್ದು ಹೈದರಾಬಾದೇ. ನಕ್ಷೆಯ ಮೇಲೆ ಆ ರಾಜ್ಯ ಅಳಿಸಿಹೋದ ಮೇಲೂ ಕಪ್ಪಿನ ಮೇಲೆ ಅದರ ಹೆಸರು ಕೆತ್ತಿದರು. "ಸ್ಟೇಟ್ ಹೋತು, ಟೀಮ್ ಉಳೀತು" ಅನ್ನೋದು ಮಾವನ ಮಾತು. ಅದನ್ನು ಹೇಳುವಾಗ ಅವರ ದನಿ ಸ್ವಲ್ಪ ಇಳಿಯುತ್ತಿತ್ತು. ತಮ್ಮ ಬದುಕಿನ ನಾಲ್ಕು ಒಳ್ಳೆ ವರ್ಷಗಳು ಇನ್ನೊಂದು ರಾಜ್ಯದಲ್ಲಿ ಉಳಿದುಹೋದವು ಅಂತ ಇರಬಹುದು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ.

ಸಿಕಂದರಾಬಾದಿನ ಒಂದು ಶಾಖೆಯಲ್ಲಿ ನಾನು ಸಾಲದ ವಿಭಾಗದ ಅಧಿಕಾರಿ. ಪಕ್ಕದ ಇರಾನಿ ಹೋಟೆಲಿನಿಂದ ನಮಗೆ ಚಹಾ ತರುತ್ತಿದ್ದ ಹುಡುಗನಿಗೆ ಹದಿನಾರೋ ಹದಿನೇಳೋ ವಯಸ್ಸು. ಸಣ್ಣ ಕಾಲು, ಗಾಳಿಯಂಥ ನಡಿಗೆ. ಆರು ಗ್ಲಾಸಿನ ಸ್ಟ್ಯಾಂಡ್ ಹಿಡಿದು ಜನಜಂಗುಳಿ ದಾಟಿ ಬಂದರೂ ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ. ಬೆಳಿಗ್ಗೆ ಪರೇಡ್ ಮೈದಾನದ ಕಡೆ ಫುಟ್‌ಬಾಲ್ ಆಡುತ್ತಾನೆ, ಚೆನ್ನಾಗಿ ಆಡುತ್ತಾನೆ ಅಂತ ನಮ್ಮ ಅಟೆಂಡರ್ ಹೇಳಿದ್ದ. ಒಂದು ದಿನ ಚಹಾ ಇಟ್ಟವನು ಹೋಗದೆ ಅಲ್ಲೇ ನಿಂತ.

"ಸಾಬ್, ಸೈಕಲ್ ಕೆ ವಾಸ್ತೆ ಲೋನ್ ಮಿಲ್ತಾ ಕ್ಯಾ?"

ವಿಚಾರಿಸಿದೆ. ಮನೆ ಬೊಲಾರಂ ಕಡೆ. ಒಂದು ಕ್ಲಬ್ಬಿನವರು ಇವನ ಆಟ ನೋಡಿ ಲಾಲ್ ಬಹಾದುರ್ ಸ್ಟೇಡಿಯಮ್ಮಿಗೆ ಬಾ ಅಂದಿದ್ದಾರೆ. ಮಾವ ಹೇಳಿದ ಫತೇ ಮೈದಾನ ಅದೇ, 1967ರಲ್ಲಿ ಹೆಸರು ಬದಲಾಯಿತು. ಬೆಳಗಿನ ಪ್ರಾಕ್ಟೀಸು ಐದೂವರೆಗೆ. ಆ ಹೊತ್ತಿಗೆ ಬಸ್ಸು ಸಿಗೋದಿಲ್ಲ. ಸಿಕ್ಕರೂ ಎಂಟು ಗಂಟೆಗೆ ವಾಪಸ್ಸು ಹೋಟೆಲಿಗೆ ಬರದಿದ್ದರೆ ಅರ್ಧ ದಿನದ ಕೂಲಿ ಕಟ್. ಸೈಕಲ್ ಇದ್ದರೆ ಎರಡೂ ಆಗುತ್ತದೆ. ಹುಡುಗ ಲೆಕ್ಕ ಸರಿಯಾಗಿಯೇ ಹಾಕಿದ್ದ.

ನಾನೂ ಲೆಕ್ಕ ಹಾಕಿದೆ. ಎಂ.ಕಾಂ. ಓದಿದವನ ಲೆಕ್ಕ. ವಯಸ್ಸು ಹದಿನೆಂಟಾಗಿಲ್ಲ, ಆದಾಯದ ಪತ್ರ ಇಲ್ಲ, ಜಾಮೀನು ಇಲ್ಲ, ಮರುಪಾವತಿಗೆ ಆಧಾರ ಇಲ್ಲ. ಸಾಲ ಕೊಡುವವನ ಕಣ್ಣಿಗೆ ಮೊದಲು ಕಾಣೋದೇ ಸುಸ್ತಿ. "ನಹೀಂ ಹೋತಾ ಬೇಟಾ, ರೂಲ್ಸ್ ನಹೀಂ ಹೈ" ಅಂದೆ. ಅವನು "ಹೌ ಸಾಬ್" ಅಂದು ಖಾಲಿ ಗ್ಲಾಸು ಎತ್ತಿಕೊಂಡು ಹೋದ. ಬೇಜಾರು ಮಾಡಿಕೊಂಡಂತೆಯೂ ಕಾಣಲಿಲ್ಲ. ಕೆಲವು ತಿಂಗಳಾದ ಮೇಲೆ ಚಹಾ ತರೋಕೆ ಬೇರೆ ಹುಡುಗ ಬರತೊಡಗಿದ. ಮೊದಲಿನವನು ಎಲ್ಲಿ ಅಂದರೆ ಯಾರಿಗೂ ಗೊತ್ತಿಲ್ಲ.

ನಿಯಮದ ಪ್ರಕಾರ ನನ್ನದು ತಪ್ಪಿಲ್ಲ, ಇವತ್ತು ಯಾವ ಆಡಿಟರ್ ಬಂದರೂ ನನಗೆ ಪಾಸ್ ಹಾಕುತ್ತಾನೆ. ಆದರೆ ಆಗ ಒಂದು ಸೈಕಲ್ಲಿಗೆ ಸಾವಿರದ ಚಿಲ್ಲರೆ. ಹಳೆಯದಾದರೆ ನಾಲ್ಕು ನೂರಕ್ಕೇ ಸಿಗುತ್ತಿತ್ತು. ಅದೇ ತಿಂಗಳು ನಾನು ಹೊಸ ಟೂ ಇನ್ ಒನ್ ಕೊಂಡಿದ್ದೆ. ಬ್ಯಾಂಕಿನ ದುಡ್ಡಿಗೆ ರೂಲ್ಸ್ ಇತ್ತು. ನನ್ನ ಜೇಬಿಗೆ ಯಾವ ರೂಲ್ಸ್ ಇತ್ತು? ಆ ಯೋಚನೆಯೇ ಬರಲಿಲ್ಲ.

ಯೋಚನೆ ಬಂದದ್ದು ಬಹಳ ವರ್ಷದ ಮೇಲೆ, ತುಳಸೀದಾಸ್ ಬಾಲರಾಮರ ಕಥೆ ಓದಿದಾಗ. ಮೆಲ್ಬರ್ನ್ ತಂಡದಲ್ಲಿದ್ದ ಅದೇ ಬಾಲರಾಂ. ಸಿಕಂದರಾಬಾದಿನ ಆಚೆ ಅಮ್ಮುಗೂಡದವರು, ಬಡ ತಮಿಳು ಕುಟುಂಬ. ಬೂಟು ಕೊಳ್ಳೋಕೆ ದುಡ್ಡಿಲ್ಲದೆ, ಪೊಲೀಸರು ಬಿಸಾಕಿದ ಹಳೆ ಬೂಟಿನಿಂದ ಚಮ್ಮಾರನ ಕೈಲಿ ಫುಟ್‌ಬಾಲ್ ಬೂಟು ಹೊಲಿಸಿಕೊಂಡ ಹುಡುಗ. ಅವನ ಆಟ ರಹೀಂ ಸಾಬರ ಕಣ್ಣಿಗೆ ಬಿತ್ತು. ಸಂತೋಷ್ ಟ್ರೋಫಿಯ ಆಯ್ಕೆಗೆ ಮೈದಾನಕ್ಕೆ ಬಾ ಅಂದರು. ಅಷ್ಟು ದೂರ ಬರೋಕೆ ನನ್ನ ಹತ್ತಿರ ಕಾಸಿಲ್ಲ ಅಂದ ಹುಡುಗ. ಆಗ ರಹೀಂ ಸಾಬ್ ಬಾಡಿಗೆ ಸೈಕಲ್ ತಗೊಂಡು ಬಾ ಅಂತ ದಿನಕ್ಕೆ ಒಂದು ರೂಪಾಯಿ ಕೊಟ್ಟರು. ಬಾಲರಾಂ ಇದನ್ನು ಮುಪ್ಪಿನಲ್ಲೂ ನೆನೆಸಿಕೊಂಡು ಹೇಳುತ್ತಿದ್ದರು. ಇಪ್ಪತ್ತರ ವಯಸ್ಸಿಗೇ ಒಲಿಂಪಿಕ್ಸ್ ಆಡಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಯ ವಿರುದ್ಧ ಗೋಲು ಹೊಡೆದರು. 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ. 2023ರ ಫೆಬ್ರವರಿಯಲ್ಲಿ ತೀರಿಕೊಂಡರು.

ಬೊಲಾರಂ, ಅಮ್ಮುಗೂಡ ಎರಡೂ ಒಂದೇ ದಿಕ್ಕಿಗೆ. ದಾರಿಯೂ ಹೆಚ್ಚು ಕಡಿಮೆ ಅದೇ. ಹೋಗಬೇಕಾದ ಮೈದಾನವೂ ಅದೇ. ಒಬ್ಬ ಹುಡುಗನಿಗೆ ಶಾಲಾ ಮೇಷ್ಟ್ರು ಸಿಕ್ಕರು, ಇನ್ನೊಬ್ಬನಿಗೆ ನಾನು ಸಿಕ್ಕೆ. ನನ್ನ ಹುಡುಗ ಬಾಲರಾಂ ಆಗುತ್ತಿದ್ದ ಅಂತ ನಾನು ಹೇಳೋದಿಲ್ಲ. ಆಗುತ್ತಿದ್ದನೋ ಇಲ್ಲವೋ ಅನ್ನೋದನ್ನು ಮೈದಾನ ತೀರ್ಮಾನಿಸಬೇಕಿತ್ತು, ನನ್ನ ಟೇಬಲ್ಲು ತೀರ್ಮಾನಿಸಿತು. ಅಷ್ಟೇ ನನ್ನ ಸಂಕಟ.

ಇದು ಹೈದರಾಬಾದಿನದಷ್ಟೇ ಕಥೆಯಲ್ಲ. 2017ರಲ್ಲಿ ಮಗಳು ಅಳಿಯ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಗ ನಾವಿಬ್ಬರೂ ಹೋಗಿದ್ದೆವು. ಅಲ್ಲಿ ರಗ್ಬಿ ಲೀಗ್ ಅನ್ನೋ ಆಟದ ಹುಚ್ಚು. ಮೊಟ್ಟೆಯಾಕಾರದ ಚೆಂಡು ಎದೆಗವಚಿಕೊಂಡು ಓಡೋದು, ಉಳಿದವರು ಬಿದ್ದು ಕೆಡವೋದು. ಲೀಡ್ಸ್, ವಿಗನ್, ಸೇಂಟ್ ಹೆಲೆನ್ಸ್‌ನಂಥ ಕ್ಲಬ್ಬುಗಳು ಊರಿನ ಸಣ್ಣ ತಂಡಗಳಿಂದಲೇ ಹುಡುಗರನ್ನು ಆರಿಸಿ, ಶಾಲೆ ಬಿಡಿಸದೆ, ತಮ್ಮ ಅಕಾಡೆಮಿಯಲ್ಲಿ ಬೆಳೆಸುತ್ತವೆ. ಆ ಆಟ ಹುಟ್ಟಿದ ಕಾರಣ ಕೇಳಿ ನನಗೆ ಮೈ ಜುಂ ಅಂದಿತು. ನೂರಿಪ್ಪತ್ತು ವರ್ಷದ ಹಿಂದೆ ಅಲ್ಲಿ ರಗ್ಬಿ ಆಡುತ್ತಿದ್ದವರು ಗಿರಣಿ, ಗಣಿಗಳ ಕೆಲಸಗಾರರು. ಶನಿವಾರ ಪಂದ್ಯಕ್ಕೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಆ ಕೂಲಿಯನ್ನು ತುಂಬಿಕೊಡುತ್ತೇವೆ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು. ದುಡ್ಡು ಮುಟ್ಟಿದರೆ ಆಟ ಮೈಲಿಗೆ ಅಂತ ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಇಪ್ಪತ್ತಕ್ಕೂ ಮೀರಿ ಕ್ಲಬ್ಬುಗಳು ಸೇರಿ ಬೇರೆಯಾದವು. ಒಂದು ಆಟವೇ ಎರಡಾಗಿದ್ದು ಅರ್ಧ ದಿನದ ಕೂಲಿಗಾಗಿ. ನನ್ನ ಚಹಾದ ಹುಡುಗ ಹೇಳಿದ್ದೂ ಅದನ್ನೇ ತಾನೇ?

1962ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಹೋಗುವಾಗ ರಹೀಂ ಸಾಬರನ್ನು ಕ್ಯಾನ್ಸರ್ ಹಿಡಿದಿತ್ತು. ಸೆಪ್ಟೆಂಬರ್ 4ರಂದು, ಸುಮಾರು ಲಕ್ಷ ಜನ ನಮ್ಮವರ ವಿರುದ್ಧ ಕೂಗುತ್ತಿದ್ದ ಮೈದಾನದಲ್ಲಿ, ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ತಲೆಗೆ ಹೊಲಿಗೆ ಹಾಕಿಸಿಕೊಂಡು ಆಡಿದ ಜರ್ನೈಲ್ ಸಿಂಗ್ ಇನ್ನೊಂದು. ಒಂಬತ್ತು ತಿಂಗಳಿಗೆ, 1963ರ ಜೂನ್ 11ಕ್ಕೆ, ರಹೀಂ ಸಾಬ್ ತೀರಿಹೋದರು. ಏಷ್ಯನ್ ಗೇಮ್ಸ್ ಫುಟ್‌ಬಾಲಿನ ಚಿನ್ನ ನಮಗೆ ಆಮೇಲೆ ಮತ್ತೆ ಬರಲೇ ಇಲ್ಲ.

ಹೈದರಾಬಾದಿನ ಫುಟ್‌ಬಾಲ್ ಒಂದೇ ದಿನ ಬೀಳಲಿಲ್ಲ. 1965-66ರಲ್ಲಿ ಆಂಧ್ರದ ಹೆಸರಲ್ಲಿ ಇನ್ನೊಂದು ಸಂತೋಷ್ ಟ್ರೋಫಿ ಬಂತು. ಆದರೆ ಪದ್ಧತಿಯೆಲ್ಲ ಒಬ್ಬರ ತಲೆಯಲ್ಲಿ, ಒಬ್ಬರ ಜೇಬಿನಲ್ಲಿ ಇದ್ದರೆ ಅವರು ಹೋದ ಮೇಲೆ ಏನು ಉಳಿಯುತ್ತದೆ? ಒಳ್ಳೆ ಆಟಗಾರರನ್ನು ಕಲ್ಕತ್ತೆಯ ಕ್ಲಬ್ಬುಗಳು ಕರೆದುಕೊಂಡವು. ಕ್ರಿಕೆಟ್ ಬಂತು. ನಾನು ಬರುವ ಹೊತ್ತಿಗೆ ಮಧ್ಯಮ ವರ್ಗದ ಮನೆಗಳಲ್ಲಿ ಎಂಸೆಟ್ ಪರೀಕ್ಷೆಯ ಜಪ. 2019ರಲ್ಲಿ ಹೈದರಾಬಾದ್ ಎಫ್‌ಸಿ ಅಂತ ಹೊಸ ತಂಡ ಹುಟ್ಟಿತು, 2022ರಲ್ಲಿ ಐಎಸ್‌ಎಲ್ ಕಪ್ಪನ್ನೂ ಗೆದ್ದಿತು. ಮುದುಕರು ಕೆಲವರು ಕಣ್ಣೊರೆಸಿಕೊಂಡರು. 2025ರಲ್ಲಿ ಆ ತಂಡ ದೆಹಲಿಗೆ ಹೋಗಿ ಬೇರೆ ಹೆಸರಿಟ್ಟುಕೊಂಡಿತು. ಮಾವ ಬದುಕಿದ್ದರೆ ಈ ಸಲ ತಮ್ಮ ಮಾತನ್ನು ತಿರುವಿ ಹೇಳಬೇಕಾಗುತ್ತಿತ್ತು.

ಅಕಾಡೆಮಿಗಳಿಗೆ ನಾನು ವಿರೋಧಿ ಅಂತ ತಿಳಿಯಬೇಡಿ. ಇದೇ ಊರಿನ ಗಚ್ಚಿಬೌಲಿಯಲ್ಲಿ ಗೋಪಿಚಂದ್ 2008ರಲ್ಲಿ ತೆರೆದ ಬ್ಯಾಡ್ಮಿಂಟನ್ ಅಕಾಡೆಮಿ ಏನೇನು ಮಾಡಿತು ಅಂತ ಲೋಕಕ್ಕೇ ಗೊತ್ತು. ಪಿ.ವಿ. ಸಿಂಧು ಚಿಕ್ಕವಳಿದ್ದಾಗ ದಿನಾ ಹತ್ತಾರು ಕಿಲೋಮೀಟರ್ ದೂರದಿಂದ ತರಬೇತಿಗೆ ಬರುತ್ತಿದ್ದಳು. ಅವಳ ತಂದೆ ತಾಯಿ ಇಬ್ಬರೂ ವಾಲಿಬಾಲ್ ಆಟಗಾರರು, ಆಟದ ಬೆಲೆ ಬಲ್ಲವರು. ಬಾಲರಾಮನ ಮನೆಯಲ್ಲಿ ಆ ಅನುಕೂಲ ಇರಲಿಲ್ಲ. ಅಂಥ ಮನೆಯ ಮಗುವಿಗೂ ಮೈದಾನಕ್ಕೂ ನಡುವೆ ಇರುವ ಎಂಟು ಹತ್ತು ಮೈಲಿಯನ್ನು ಯಾರು ತುಂಬಿಕೊಡಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ.

ರಹೀಂ ಸಾಬರ ಮಗ ಎಸ್.ಎಸ್. ಹಕೀಮ್ ಕೂಡ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ಅಧಿಕಾರಿ, ಆಮೇಲೆ ಅಂತರರಾಷ್ಟ್ರೀಯ ರೆಫರಿ. ಅವರು 2021ರ ಆಗಸ್ಟ್‌ನಲ್ಲಿ ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ. ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ಮಾವನ ನೆನಪು ಬಹಳ ಬಂತು. ಅವರು ಹೋಗಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಇದ್ದಿದ್ದರೆ "ನೋಡಿದ್ಯಾ, ಕಡೀಕ ನಮ್ಮ ಕಡೀಗೆ ಬಂದ್ರು" ಅನ್ನುತ್ತಿದ್ದರೋ ಏನೋ.

ನಾನು ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ಬೆಳಿಗ್ಗೆ ವಾಕಿಂಗ್ ಹೋಗುವ ಮೈದಾನದಲ್ಲಿ ಹುಡುಗರು ಚೆಂಡು ಒದೆಯುತ್ತಿರುತ್ತಾರೆ. ಅವರಿಗೊಬ್ಬ ಕೋಚ್, ಅವನೂ ಹುಡುಗನೇ. ಮೊದಮೊದಲು ನಾನು ಯಾರು ಚೆನ್ನಾಗಿ ಆಡುತ್ತಾರೆ ಅಂತ ಅವನನ್ನು ಕೇಳುತ್ತಿದ್ದೆ. ಈಗ ಅದನ್ನು ಬಿಟ್ಟಿದ್ದೇನೆ. ಆಟದ ವಿಷಯ ಅವನಿಗೆ ಗೊತ್ತು, ನನಗೇನು ತಿಳಿಯುತ್ತದೆ? ಎಲ್ಲರಿಗಿಂತ ದೂರದಿಂದ ಬರುವವನು ಯಾರು, ಅವನು ಹೇಗೆ ಬರುತ್ತಾನೆ ಅಂತ ಕೇಳುತ್ತೇನೆ. ಹೋದ ಚಳಿಗಾಲದಲ್ಲಿ ಕೇಳಿದಾಗ ಕೋಚ್ ಒಬ್ಬ ಸಣ್ಣ ಹುಡುಗನನ್ನು ತೋರಿಸಿದ. ನಡೆದುಕೊಂಡು ಬರುತ್ತಾನಂತೆ. ಈಗ ಅವನು ಸೈಕಲ್ ಮೇಲೆ ಬರುತ್ತಾನೆ. ದುಡ್ಡು ಯಾರು ಕೊಟ್ಟರು ಅಂತ ಅವನಿಗೆ ಹೇಳಬೇಡ ಅಂದಿದ್ದೇನೆ. ಅದು ಹಳೆಯ ಬಾಕಿ. ಬಡ್ಡಿ ಲೆಕ್ಕ ಹಾಕಿದರೆ ಇನ್ನೂ ಬಹಳ ಉಳಿದಿದೆ.